ಕಾಕಾನ ಬದಿಯ ಪಲ್ಯ

ನಮ್ಮ ಮನೆಯಲ್ಲಿ ಎಲ್ಲರಿಗೂ ಅವರವರ ಊಟದ ಗಂಗಾಳವಿತ್ತು. ಸಾಯಬಣ್ಣ ಕಾಕಾನಿಗೂ ನನಗೂ ಮಾತ್ರ ಒಂದೇ. ಕಾಕಾ ಅಂದರೆ ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಮದುವೆ ಆಗದವನು, ಗೋಗಿಯ ನಮ್ಮ ಮನೆಯ ಪಡಸಾಲೆಯಲ್ಲೇ ಮಿಷನ್ ಇಟ್ಟುಕೊಂಡು ಊರಿನ ಬಟ್ಟೆ ಹೊಲಿಯುತ್ತಿದ್ದವನು. ನಾವಿಬ್ಬರೂ ಎದುರುಬದುರು ಕೂತು ಉಣ್ಣುವುದನ್ನು ಕಂಡವರು ಇಂಥ ಅಕ್ಕರೆ ಎಲ್ಲೂ ಇಲ್ಲ ಅನ್ನುತ್ತಿದ್ದರು. ಅಕ್ಕರೆ ಇರಲಿಲ್ಲ ಅಂತಲ್ಲ. ಆದರೆ ನಾವು ಹಾಗೆ ಕೂಡುತ್ತಿದ್ದದ್ದು ಅಕ್ಕರೆಗಲ್ಲ. ಊಟದಲ್ಲಿ ಯಾರೋ ಏನೋ ಹಾಕಿ ತನ್ನನ್ನು ಮುಗಿಸಬೇಕೆಂದಿದ್ದಾರೆ ಎಂಬ ಸಂಶಯ ಕಾಕಾನ ತಲೆಯಲ್ಲಿ ಕೂತಿತ್ತು. ನಾನು ಮೊದಲ ತುತ್ತು ತಿಂದು ತೋರಿಸದೆ ಅವನು ರೊಟ್ಟಿ ಮುರಿಯುತ್ತಿರಲಿಲ್ಲ. ಆ ಸಂಶಯ ಒಂದು ರೋಗ, ಅದಕ್ಕೆ ಗುಳಿಗೆ ಇದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಆ ಗುಳಿಗೆಯನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪುಡಿ ಮಾಡಿ ಕಾಕಾನ ಬದಿಯ ಪಲ್ಯದಲ್ಲಿ ಕಲಸುತ್ತಿದ್ದಳು. ನನ್ನ ಬದಿಯ ಪಲ್ಯದಲ್ಲಿ ಏನೂ ಇರುತ್ತಿರಲಿಲ್ಲ. ಅದನ್ನು ತಿಂದು ತೋರಿಸುವುದು ನನ್ನ ಕೆಲಸ. ಆಮೇಲೆ ನಾನು ಸಾಲಿಯ ಮಾಸ್ತರಿಣಿ ಆದೆ, ಪಗಾರ ಎಣಿಸಿದೆ. ಆದರೆ ಬದುಕಿನಲ್ಲಿ ನಾನು ಮಾಡಿದ ಮೊದಲ ನೌಕರಿ ಅದು, ಮತ್ತು ಅಷ್ಟು ಚೊಕ್ಕವಾಗಿ ಬೇರೆ ಯಾವ ನೌಕರಿಯನ್ನೂ ನಾನು ಮಾಡಲಿಲ್ಲ.

ನಮ್ಮದು ಕೆಳಗೆ ಶಹಾಬಾದಿ ಫರಸಿ ಕಲ್ಲು, ಮೇಲೆ ಮಣ್ಣಿನ ಮಾಳಿಗೆ ಇದ್ದ ಮನೆ. ಬಿಸಿಲುಗಾಲದಲ್ಲಿ ಎಲ್ಲರೂ ಫರಸಿಯ ಮೇಲೆ ನೀರು ಚಿಮುಕಿಸಿ ಮೈ ಚೆಲ್ಲುತ್ತಿದ್ದೆವು. ಪಡಸಾಲೆಯ ಕಿಟಕಿಗೆ ಹೊಂದಿಕೊಂಡು ಕಾಕಾನ ಮಿಷನ್. ಅದರ ಕೆಳಗೆ ಬಣ್ಣಬಣ್ಣದ ಚಿಂದಿ. ಸಂಜೆಗೊಮ್ಮೆ ಅವನು ನನ್ನ ಕೈಗೆ ಒಂದು ಅಯಸ್ಕಾಂತ ಕೊಡುತ್ತಿದ್ದ. ನಾನು ಅಂಬೆಗಾಲಿಟ್ಟು ನೆಲದ ತುಂಬ ಅದನ್ನು ಎಳೆದಾಡಿ ಬಿದ್ದ ಸೂಜಿ-ಪಿನ್ನು ಆರಿಸುತ್ತಿದ್ದೆ. ಸಾಲಿ ಸುರುವಾಗುವ ಮುಂಚೆ ಊರಿನ ಅರ್ಧ ಮಕ್ಕಳ ಅಂಗಿ-ಚಡ್ಡಿ ಅಲ್ಲೇ ಹೊಲಿಗೆಯಾಗುತ್ತಿದ್ದವು. ಕಾಕಾ ಅಳತೆ ಬರೆದುಕೊಳ್ಳುತ್ತಿರಲಿಲ್ಲ, ಹುಡುಗನನ್ನು ಒಮ್ಮೆ ತಿರುಗಿಸಿ ನೋಡಿ ಕತ್ತರಿ ಹಿಡಿಯುತ್ತಿದ್ದ. ಅಪ್ಪ ಕಾಲುವೆ ಇಲಾಖೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ನೀರು ಬಿಡುವ ದಿನಗಳಲ್ಲಿ ಅವನಿಗೆ ಮನೆಯೇ ಇಲ್ಲ. ಹಾಗಾಗಿ ಮನೆ ನಡೆಯುತ್ತಿದ್ದದ್ದು ಆಯಿಯ ಬಾಯಿಯಿಂದ. ಅವ್ವನ ದುಡಿಮೆ, ಆಯಿಯ ಬಾಯಿ. ಇಬ್ಬರಿಗೂ ಉಪ್ಪಿನಿಂದ ಹಿಡಿದು ಎಲ್ಲದಕ್ಕೂ ಜಗಳ. ಕಾಕಾನ ರೋಗ ಬಂದ ಮೇಲೆ ಮಾತ್ರ ಅವರಿಬ್ಬರು ಒಂದಾದರು. ಇದನ್ನು ಹೇಳಿದರೆ ಪಾಪ ಬರುತ್ತದೇನೋ, ಆದರೆ ನಮ್ಮ ಮನೆಯಲ್ಲಿ ಅತ್ತೆ-ಸೊಸೆ ನಗುನಗುತ್ತಾ ಮಾತಾಡಿದ್ದನ್ನು ನಾನು ಕಂಡದ್ದು ಗುಳಿಗೆ ಅರೆಯುವ ಕಲ್ಲಿನ ಮುಂದೆಯೇ.

ರೋಗ ಮೊದಲು ಕಂಡದ್ದು ಬಟ್ಟೆಯಲ್ಲಿ. ಸಾಲಿ ನಾಳೆ ಸುರು ಅನ್ನುವಾಗ, ಹೊಲಿದು ಮಡಚಿಟ್ಟ ಅಂಗಿಗಳನ್ನೆಲ್ಲ ಕಾಕಾ ಬಿಚ್ಚಿ ಹಾಕಿದ. ಹೊಲಿಗೆಯೊಳಗೆ ಯಾರೋ ಏನೋ ಇಟ್ಟು ಹೊಲಿಸಿದ್ದಾರೆ ಎಂದು ಹುಡುಕಾಡಿದ. ಅವ್ವ ಅಂಗಿಯ ತುಂಡುಗಳನ್ನು ಉಡಿಯಲ್ಲಿ ಹಾಕಿಕೊಂಡು ಬೇರೆ ದರ್ಜಿಯ ಮನೆಗೆ ಓಡಿದಳು. ಆಮೇಲೆ ಅವನು ಉಣ್ಣುವುದು ಬಿಟ್ಟ. ಆಯಿಯ ಕೈಯ ರೊಟ್ಟಿಯನ್ನು ನಾಯಿಗೆ ಹಾಕಿ, ನಾಯಿಯನ್ನೇ ನೋಡುತ್ತ ಕೂಡುತ್ತಿದ್ದ. ನಾಯಿ ಬಾಲ ಅಲ್ಲಾಡಿಸಿದರೂ ಅವನಿಗೆ ನಂಬಿಕೆ ಇಲ್ಲ. ಕೊಡೇಕಲ್ಲಿನ ಗುಡಿಗೆ ಕರೆದುಕೊಂಡು ಹೋದರು, ಅಲ್ಲಿ ಇದ್ದಷ್ಟು ದಿನ ಪ್ರಸಾದ ಉಂಡು ಸುಮ್ಮನಿದ್ದ. ಮನೆಗೆ ಬಂದ ಮೇಲೆ ಮತ್ತೆ ಅದೇ. ದೇವರು ಏನು ಮಾಡಿಯಾನು, ಅವನಿಗೆ ಸಂಶಯ ಇದ್ದದ್ದು ದೇವರ ಮೇಲಲ್ಲ, ನಮ್ಮ ಮೇಲೆ. ಊರ ಬಾಯಿಗೆ ಮುಚ್ಚಳ ಇಲ್ಲ. ಸಾಯಬಣ್ಣನನ್ನು ಧಾರವಾಡಕ್ಕೆ ಕಳಿಸುತ್ತಾರಂತೆ ಎಂದು ಬಾವಿಯ ಹತ್ತಿರ ನಗಾಡಿದರು. ನಮ್ಮ ಕಡೆ ಹುಚ್ಚು ಅನ್ನುವುದಕ್ಕೆ ಆ ಊರಿನ ಹೆಸರು ಸಾಕು. ಕಾಕಾನಿಗೆ ಹೆಣ್ಣು ಗೊತ್ತಾಗಿತ್ತು, ಸುರಪುರದ ಕಡೆಯವರು. ಅವರು ಎರಡನೆಯ ಸಲ ಬರಲಿಲ್ಲ.

ಕಡೆಗೆ ಅಪ್ಪ ಅವನನ್ನು ಮಿಷನ್ನಿನ ಸಾಮಾನು ತರೋಣ ಬಾ ಎಂದು ಸುಳ್ಳು ಹೇಳಿ ಕಲಬುರಗಿಗೆ ಕರೆದೊಯ್ದ. ಡಾಕ್ಟರ ಕೋಣೆಯ ಒಳಗೆ ಹೋದ ಮೇಲೆಯೇ ಕಾಕಾನಿಗೆ ಗೊತ್ತಾದದ್ದು. ಅಲ್ಲಿಂದ ಬಂದವನು ಮತ್ತೆಂದೂ ಅಪ್ಪನ ಜೊತೆ ಬಸ್ಸು ಹತ್ತಲಿಲ್ಲ, ಬರೆದುಕೊಟ್ಟ ಗುಳಿಗೆಯನ್ನು ಹಿತ್ತಲಿನ ಬೂದಿಗುಂಡಿಗೆ ಎಸೆದ. ಹೀಗಾಗಿ ತಿಂಗಳಿಗೊಮ್ಮೆ ಅಪ್ಪನೇ ಕಲಬುರಗಿಗೆ ಹೋಗಿ ಕಾಕಾನ ಬದಲು ಡಾಕ್ಟರ ಮುಂದೆ ಕೂಡತೊಡಗಿದ. ಅವರು ಕೇಳಿದ್ದಕ್ಕೆಲ್ಲ ನಿದ್ದಿ ಮಾಡ್ತಾನ್ರಿ, ಉಣ್ತಾನ್ರಿ ಎಂದು ಹೇಳಿ ಗುಳಿಗೆ ತರುತ್ತಿದ್ದ. ರೋಗಿಯನ್ನು ಕರೆತರಲೇಬೇಕು ಎಂದು ಅವರು ಸಿಟ್ಟು ಮಾಡುತ್ತಿದ್ದರಂತೆ. ಹೂಂ ಅಂದು ಬರುತ್ತಿದ್ದ. ಶಹಾಪುರದ ಔಷಧದ ಅಂಗಡಿಗಳಲ್ಲಿ ಆ ಗುಳಿಗೆ ಸಿಗುತ್ತಿರಲಿಲ್ಲ, ಅಂಥದ್ದನ್ನು ಇಲ್ಲಿ ಯಾರು ಒಯ್ಯುತ್ತಾರೆ ಎಂದು ಕೇಳುತ್ತಿದ್ದರು. ಕಾಲುವೆಗೆ ನೀರು ಬಿಟ್ಟು ಅಪ್ಪನಿಗೆ ರಜೆ ಇಲ್ಲದ ತಿಂಗಳು ಕಲಬುರಗಿಯ ಅಂಗಡಿಯವನು ಬಸ್ಸಿನ ಡ್ರೈವರ್ ಕೈಯಲ್ಲಿ ಪೊಟ್ಟಣ ಕೊಟ್ಟು ಕಳಿಸುತ್ತಿದ್ದ. ಬಸ್ಸು ಬಾರದಿದ್ದರೆ ಗುಳಿಗೆಯೂ ಇಲ್ಲ. ಆಗ ಆಯಿ ಇದ್ದದ್ದನ್ನೇ ಅರ್ಧ, ಕಾಲು ಮಾಡಿ ಎಳೆಯುತ್ತಿದ್ದಳು. ಕಾಕಾ ಮತ್ತೆ ಕಿಟಕಿಯ ಬಾಗಿಲು ಹಾಕತೊಡಗಿದನೆಂದರೆ ಪೊಟ್ಟಣ ಮುಗಿಯಲು ಬಂದಿದೆ ಎಂದು ನನಗೆ ತಿಳಿಯುತ್ತಿತ್ತು.

ಪುಂಡಿಪಲ್ಯದಲ್ಲಿ ಕಲಸುವ ಉಪಾಯ ಅವ್ವನದು. ಆ ಸೊಪ್ಪಿನ ಹುಳಿಯಲ್ಲಿ ಕಹಿ ಅಡಗುತ್ತದೆ. ನನ್ನನ್ನು ಎದುರಿಗೆ ಕೂಡಿಸುವ ಉಪಾಯ ಆಯಿಯದು. ಗಂಗಾಳದ ಅಂಚು ಒಂದು ಕಡೆ ತಗ್ಗಿತ್ತು, ಆ ತಗ್ಗು ಯಾವಾಗಲೂ ನನ್ನ ಕಡೆ. ಒಂದು ಗುಡ್ಡೆ ಪಲ್ಯ ನನ್ನ ಮುಂದೆ, ಇನ್ನೊಂದು ಅವನ ಮುಂದೆ, ನಡುವೆ ಶೇಂಗಾ ಹಿಂಡಿ, ಎಣ್ಣೆ, ಬಿಸಿ ರೊಟ್ಟಿ. ನಾನು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಖಾರ ಅದ ಕಾಕಾ ಎಂದು ನಗಬೇಕು. ಆಯಿ ಹೇಳಿಕೊಟ್ಟದ್ದು ನುಂಗುವವರೆಗೆ. ನಗು ನನ್ನದೇ ಸೇರಿಕೆ. ನಾನು ನಕ್ಕರೆ ಕಾಕಾನ ಹೆಗಲು ಸಡಿಲಾಗುತ್ತಿತ್ತು. ಅದು ನನಗೆ ಕಾಣುತ್ತಿತ್ತು, ಮತ್ತು ಕಂಡು ಹಿಗ್ಗುತ್ತಿದ್ದೆ. ಭಾಳ ಶಾಣ್ಯಾ ಕೂಸು ಎಂದು ಆಯಿ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಗುಳಿಗೆ ಕೆಲಸ ಮಾಡಿತ್ತು, ಅದೂ ಸುಳ್ಳಲ್ಲ. ಕಾಕಾ ಮೈಕೈ ತುಂಬಿಕೊಂಡ, ಜಳಕ ಮಾಡತೊಡಗಿದ, ಮತ್ತೆ ಹುಡುಗರನ್ನು ತಿರುಗಿಸಿ ನೋಡಿ ಬಟ್ಟೆ ಕತ್ತರಿಸಿದ. ನನಗೆ ಚಿಂದಿಯಿಂದ ಒಂದು ಲಂಗ ಹೊಲಿದ, ಒಂದೊಂದು ಮಡಿಕೆಗೂ ಒಂದೊಂದು ಬಣ್ಣ. ಅದನ್ನು ತೊಟ್ಟು ಊರೆಲ್ಲ ಮೆರೆದೆ.

ಹಾಗಿರುವಾಗ ಒಂದು ತಿಂಗಳು ಮಾಮೂಲಿ ಸಣ್ಣ ಗುಳಿಗೆ ಸಿಗದೆ ಅಂಗಡಿಯವನು ಅದೇ ಔಷಧದ ದೊಡ್ಡ ಗುಳಿಗೆ ಕೊಟ್ಟು ಕಳಿಸಿದ, ಮುರಿದು ಹಾಕಿರಿ ಎಂದು ಹೇಳಿ. ಆಯಿ ಮುರಿಯಲು ಹೋದರೆ ಅದು ಪುಡಿಪುಡಿ. ರೊಟ್ಟಿಯ ಹಿಟ್ಟಿಗೆ ನೀರು ಹಾಕಿದ ಹಾಗೆ ಅಂದಾಜಿನ ಮೇಲೆ ಹಾಕತೊಡಗಿದಳು. ಕಾಕಾನ ಕೈ ನಡುಗಲು ಹತ್ತಿತು. ಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದ. ಆಮೇಲೆ ಚಹಾದ ಬಸಿ ಗಡಗಡ ಅನ್ನತೊಡಗಿತು. ಒಂದು ದಿನ ಯಾರದೋ ಮದುವೆಯ ಅಂಗಿಯ ಕೊರಳನ್ನು ಸೊಟ್ಟ ಕತ್ತರಿಸಿಬಿಟ್ಟು, ಆ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸಂಜೆಯವರೆಗೂ ಕೂತಿದ್ದ. ಇದು ಗುಳಿಗೆಯದೇ ಇರಬೇಕೆಂದು ಅವ್ವ ಅಂದಳು. ಅಪ್ಪ ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ರೋಗಿಯನ್ನು ತೋರಿಸದೆ ಗುಳಿಗೆಯೇ ಇಲ್ಲ ಅಂದುಬಿಟ್ಟಾರು ಎಂಬ ಹೆದರಿಕೆ ಅವನಿಗೆ. ಕೈ ನಡುಗಿದರೆ ನಡುಗಲಿ, ಮನೆಯಲ್ಲಿ ಇದ್ದಾನಲ್ಲ ಎಂದ. ಆ ಮಾತು ಕೇಳಿದಾಗ ನನಗೂ ಅದೇ ಸರಿ ಅನ್ನಿಸಿತ್ತು. ಒಬ್ಬ ದರ್ಜಿಯ ಕೈಯನ್ನು ಅವನಿಗೇ ಕೇಳದೆ ನಾವು ಮಾರಿಬಿಟ್ಟೆವು ಎಂದು ತಿಳಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಅಂಗಿಯ ಕೊರಳು ಸೊಟ್ಟ ಕತ್ತರಿಸಿದ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕಾ ತನ್ನ ಕೈಯನ್ನೇ ನೋಡುತ್ತಿದ್ದ. ನಾನು ತುತ್ತು ಮುರಿಯುವ ಮುಂಚೆ ಅವನು ಗಂಗಾಳದ ಅಂಚು ಹಿಡಿದು ಮೆಲ್ಲಗೆ ತಿರುಗಿಸಿದ. ತಗ್ಗು ಅವನ ಕಡೆ ಹೋಯಿತು, ಅವನ ಪಲ್ಯ ನನ್ನ ಮುಂದೆ ಬಂತು.

“ಇವತ್ತ ಈ ಪಲ್ಯ ತಿನ್ನು, ದೇವಿ,” ಎಂದ.

ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ನಾನು ಅವಳ ಮುಖ ನೋಡಿದೆ. ಬೇಡ ಅಂದರೆ ಕಾಕಾನಿಗೆ ಎಲ್ಲ ತಿಳಿಯುತ್ತದೆ, ಅವನು ಮತ್ತೆ ಉಣ್ಣುವುದಿಲ್ಲ. ತಿನ್ನು ಅಂದರೆ ನಾನು ಅವಳ ಮೊಮ್ಮಗಳು. ಆಯಿ ಹಿಟ್ಟಿನ ಕೈಯಲ್ಲೇ ಮೂಗಿನ ಬೆವರು ಒರೆಸಿಕೊಂಡು ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ತಿಂದೆ. ಒಂದು ತುತ್ತಲ್ಲ, ಅವನು ನೋಡುತ್ತಿದ್ದಷ್ಟೂ ಹೊತ್ತು ತಿಂದೆ. ಹುಳಿಯ ಹಿಂದೆ ಕಹಿ ಇತ್ತು. ಖಾರ ಅದ ಕಾಕಾ ಎಂದು ನಕ್ಕೆ. ಅವನ ಹೆಗಲು ಸಡಿಲಾಯಿತು. ನನ್ನ ಬದಿಯಿದ್ದ ಪಲ್ಯವನ್ನು ಅವನು ಹೊಟ್ಟೆ ತುಂಬ ಉಂಡ.

ಹೊತ್ತು ಇಳಿಯುವಾಗ ನನ್ನ ಕುತ್ತಿಗೆ ತಾನೇ ಒಂದು ಕಡೆ ತಿರುಗಿತು. ಎಳೆದರೂ ಬಾರದು. ನಾಲಿಗೆ ದಪ್ಪವಾಗಿ ಹೊರಗೆ ಬಂತು, ಕಣ್ಣು ಮಾಳಿಗೆಯ ಕಡೆ ಹೋಗಿ ಅಲ್ಲೇ ನಿಂತಿತು. ಅವ್ವ ಬಾಯಿ ಬಡಿದುಕೊಂಡಳು. ನನ್ನನ್ನು ಎತ್ತಿಕೊಂಡು ಓಡಿದವನು ಕಾಕಾ. ನಡುಗುವ ಅದೇ ಕೈಗಳಲ್ಲಿ ಹಿಡಿದುಕೊಂಡು ಬಾಡಿಗೆ ಜೀಪಿನಲ್ಲಿ ಕೂತು, ಶಹಾಪುರ ಬರುವವರೆಗೂ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದ. ಕೂಸಿಗೆ ಹಾಕ್ಯಾರ, ನನಗ ಹಾಕಿದ್ದು ಕೂಸು ತಿಂದದ ಎಂದು ಜೀಪಿನವರಿಗೆಲ್ಲ ಹೇಳಿದ. ಅವರು ಅವನನ್ನು ಬಲ್ಲವರು, ಮುಖ ಆ ಕಡೆ ಮಾಡಿದರು. ದವಾಖಾನೆಯ ಡಾಕ್ಟರು ನನ್ನನ್ನು ನೋಡಿದ ಕೂಡಲೇ ಈ ಹುಡುಗಿ ಯಾವುದಾದರೂ ಗುಳಿಗೆ ನುಂಗಿದ್ದಾಳೆಯೇ, ಮನೆಯಲ್ಲಿ ಗುಳಿಗೆ ಇವೆಯೇ ಎಂದು ಕೇಳಿದರು. ಅಷ್ಟರಲ್ಲಿ ಅಪ್ಪ ಕಾಲುವೆಯಿಂದ ಸೀದಾ ಅಲ್ಲಿಗೆ ಬಂದಿದ್ದ. ಅವನ ಒಂದು ಪಕ್ಕ ಕಾಕಾ, ಇನ್ನೊಂದು ಪಕ್ಕ ನಾನು ಮಲಗಿದ ಮಂಚ. ಇಲ್ಲರಿ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಪ್ಪ ಹೆಗಲೂ ಮುಟ್ಟಿಕೊಳ್ಳಲಿಲ್ಲ, ಅಷ್ಟು ಗಟ್ಟಿಯಾಗಿ ಅಂದ. ಅವ್ವ ಮಾತ್ರ ಡಾಕ್ಟರ ಹಿಂದೆಯೇ ಒಳಗೆ ಹೋಗಿ ಪಿಸುಮಾತಿನಲ್ಲಿ ಏನೋ ಹೇಳಿ ಬಂದಳು. ನನ್ನ ತೋಳಿಗೆ ಒಂದು ಸೂಜಿ ಮಾಡಿದರು. ಸ್ವಲ್ಪ ಹೊತ್ತಿಗೆ ನನ್ನ ಕುತ್ತಿಗೆ ನನ್ನ ಮಾತು ಕೇಳಿತು. ಮಗುವಿಗೆ ಉಷ್ಣ ಆಗಿತ್ತು ಎಂದು ಅಪ್ಪ ಎಲ್ಲರಿಗೂ ಹೇಳಿದ.

ಮನೆಗೆ ಬಂದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಕೌದಿ ಹಾಸಿ ಮಲಗಿಸಿದರು. ಕಾಕಾ ಮಿಷನ್ನಿಗೆ ಬೆನ್ನು ಕೊಟ್ಟು ನನ್ನ ಪಕ್ಕ ಕೂತ. ಒಳಗೆ ಅಡುಗೆಮನೆಯಲ್ಲಿ ಮೂವರೂ ಉಸಿರು ಬಿಗಿಹಿಡಿದಿದ್ದರು ಎಂದು ನನಗೆ ಗೊತ್ತು, ಯಾಕೆಂದರೆ ನಮ್ಮ ಮನೆ ಅಷ್ಟು ಸುಮ್ಮನಿದ್ದದ್ದು ಅದೊಂದೇ ಸಲ.

“ದೇವಿ, ಇವ್ರೆಲ್ಲಾ ನನಗ ಸುಳ್ಳ ಹೇಳ್ತಾರ. ನೀ ಹೇಳಂಗಿಲ್ಲ. ಖರೇ ಹೇಳು, ಪಲ್ಯದಾಗ ಏನಾರ ಇತ್ತೇನು?”

“ಇಲ್ಲ ಕಾಕಾ. ಬರೇ ಪಲ್ಯ ಇತ್ತು.”

ಕಾಕಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕೌದಿ ಸರಿ ಮಾಡಿದ.

“ಹಂಗಂದ್ರ ನನ್ನ ತಲಿನೇ ಕೆಟ್ಟದ ಬಿಡವ್ವ,” ಎಂದ.

ಕಲಬುರಗಿಯ ಡಾಕ್ಟರ ಮುಂದೆಯೂ, ಅಪ್ಪನ ಮುಂದೆಯೂ, ಊರಿನ ಮುಂದೆಯೂ ಒಪ್ಪದಿದ್ದ ಮಾತನ್ನು ಅವನು ನನ್ನ ಮುಂದೆ ಒಪ್ಪಿದ. ಅದೂ ಊಟದಲ್ಲಿ ಏನೋ ಹಾಕುತ್ತಾರೆ ಎಂಬ ಅವನ ಸಂಶಯ ನೂರಕ್ಕೆ ನೂರು ಖರೆ ಇದ್ದ ದಿನ. ಅವತ್ತಿನಿಂದ ಕಾಕಾ ಊಟದ ತಕರಾರು ಬಿಟ್ಟ. ಯಾರು ಏನು ಬಡಿಸಿದರೂ ತಲೆ ತಗ್ಗಿಸಿ ಉಣ್ಣುತ್ತಿದ್ದ. ಬಾಯಿಗೆ ಕಹಿ ಹತ್ತಿದರೂ ಅದು ತನ್ನ ತಲೆಯ ಕಹಿ ಎಂದುಕೊಂಡಿರಬೇಕು. ಮಿಷನ್ನಿಗೆ ಗೋಣಿಚೀಲ ಹೊಚ್ಚಿದ. ಮನೆಯವರು ಕೊಡೇಕಲ್ಲಿಗೆ ಹೋಗಿ ಕಾಯಿ ಒಡೆಸಿ ಬಂದರು. ನನಗೆ ಬೇರೆ ಗಂಗಾಳ ಬಂತು, ಹೊಸದು, ತಗ್ಗಿಲ್ಲದ್ದು. ಅದರಲ್ಲಿ ಒಬ್ಬಳೇ ಕೂತು ಉಂಡಾಗ ಕೆಲಸ ಕಳೆದುಕೊಂಡವರ ಹಾಗೆ ಅನ್ನಿಸಿತು. ಈಗಲೂ ನನ್ನ ಮುಖ ನೋಡಿ ಯಾರೂ ಏನನ್ನೂ ತಿಳಿಯಲಾರರು. ಮಾಸ್ತರಿಕೆಯಲ್ಲಿ ಅದರಿಂದ ಲಾಭವಾಯಿತು, ಸಂಸಾರದಲ್ಲಿ ಅದಕ್ಕಿಂತ ಹೆಚ್ಚು. ಆ ಮುಖ ನನಗೆ ಬಂದದ್ದು ಆ ಅಡುಗೆಮನೆಯಲ್ಲಿ.

ಆಯಿ ಹೋದ ಮೇಲೆ ಅವ್ವ ಅರೆದಳು. ಅಪ್ಪ-ಅವ್ವ ಇಬ್ಬರೂ ಹೋದ ಮೇಲೆ ಕಾಕಾನನ್ನು ನಾನು ಯಾದಗಿರಿಗೆ, ನನ್ನ ಮನೆಗೆ ಕರೆದುಕೊಂಡು ಬಂದೆ. ಚಿಕ್ಕವಳು, ಹೇಳಿಕೊಟ್ಟದ್ದನ್ನು ಹೇಳಿದಳು ಎಂಬ ನೆಪ ಇಲ್ಲಿಗೆ ಮುಗಿಯಿತು. ನಾನೇ ಅರೆದೆ. ವರ್ಷಗಟ್ಟಲೆ ನನ್ನ ಮಿಕ್ಸಿಯಲ್ಲಿ, ನನ್ನ ಕೈಯಾರೆ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ಉಣ್ಣುವುದು ಬಿಟ್ಟಾನು, ಗುಳಿಗೆ ತಪ್ಪಿದರೆ ಮನೆ ಬಿಟ್ಟಾನು ಎಂದು ಮುಚ್ಚಿದೆ. ಅದು ಅರ್ಧ ಖರೆ. ಇನ್ನರ್ಧ, ಅವನ ಮುಂದೆ ನಾನು ಇನ್ನೂ ಸುಳ್ಳು ಹೇಳದ ದೇವಿಯಾಗಿಯೇ ಇರಬೇಕಾಗಿತ್ತು. ಈಗ ಅಪ್ಪನ ಹಾಗೆ ಬಸ್ಸು ಕಾಯುವ ತಾಪತ್ರಯವಿಲ್ಲ, ಸರ್ಕಾರಿ ದವಾಖಾನೆಯಲ್ಲೇ ಮನಸ್ಸಿನ ರೋಗ ನೋಡುವ ಡಾಕ್ಟರು ಕೂಡುತ್ತಾರೆ, ಗುಳಿಗೆ ಪುಕ್ಕಟೆ. ಕೈ ನಡುಕ ತೋರಿಸೋಣ ಎಂದು ಕಾಕಾನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನ ಮಗಳ ವಯಸ್ಸಿನವಳು. ದಿನಾ ಗುಳಿಗೆ ತಗೋತೀರಾ ಅಜ್ಜಾ ಎಂದು ಕೇಳಿದಳು. ನಾ ಹುಟ್ಟಿದಾಗಿಂದ ಒಂದು ಗುಳಿಗೀನೂ ನುಂಗಿಲ್ಲವ್ವ ಎಂದ ಕಾಕಾ, ಹೆಮ್ಮೆಯಿಂದ. ಅವಳು ನನ್ನ ಕಡೆ ನೋಡಿದಳು. ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದು, ಕದ್ದು ಕೊಡುವ ವಿಷಯ ನನ್ನ ಬಾಯಿಂದಲೇ ಕೇಳಿ, ನಡುಕ ಕಡಿಮೆಯಾಗಲು ಬೇರೆ ಗುಳಿಗೆ ಇದೆ, ಅದು ಮೊದಲಿನಿಂದಲೂ ಸಿಗುತ್ತಿತ್ತು, ಯಾರೂ ಕೇಳಲಿಲ್ಲವೇ ಎಂದಳು. ಬೈಯಲಿಲ್ಲ. ಇನ್ನಾದರೂ ಅವರಿಗೆ ಹೇಳಿಯೇ ಗುಳಿಗೆ ಕೊಡಿರಿ ಎಂದಳು ಅಷ್ಟೆ.

ದವಾಖಾನೆಯ ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಹೇಳಿದೆ. ಆಯಿಯ ಕಲ್ಲು, ಪುಂಡಿಪಲ್ಯ, ಗಂಗಾಳದ ಎರಡು ಬದಿ, ನನ್ನ ಮಿಕ್ಸಿ, ಎಲ್ಲ. ಸುತ್ತ ಜನ ಬಿಸ್ಕೀಟು ತಿನ್ನುತ್ತ ತಮ್ಮ ಪಾಳಿಗೆ ಕಾಯುತ್ತಿದ್ದರು. ಕಾಕಾ ಸಿಟ್ಟಾಗಲಿಲ್ಲ.

“ಅವತ್ತ ನಾ ನಿನ್ನ ಕೇಳಿದ್ದೆ,” ಎಂದ.

“ಕೇಳಿದ್ದಿ ಕಾಕಾ.”

“ನಿನ್ನ ಮಾತ ನಂಬಿ ನಾ ನನ್ನ ತಲಿ ನಂಬೂದ ಬಿಟ್ಟೆ.”

ತಪ್ಪಾಯಿತು ಅಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿತು. ಅವನು ಕೈ ಚಾಚಿ ನನ್ನ ಚೀಲದಿಂದ ಗುಳಿಗೆಗಳನ್ನು ತೆಗೆದುಕೊಂಡು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಯಾವುದು ಯಾವಾಗ ಎಂದು ಒಳಗೆ ಹೋಗಿ ಡಾಕ್ಟರನ್ನೇ ಕೇಳಿ ಬಂದ. ನಾನು ಹೆದರಿದ ಹಾಗೆ ಏನೂ ಆಗಲಿಲ್ಲ. ಗುಳಿಗೆ ಎಸೆಯಲಿಲ್ಲ, ಮನೆ ಬಿಡಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾನೆ, ತಾನೇ ನೀರು ತುಂಬಿಕೊಂಡು ತಾನೇ ನುಂಗುತ್ತಾನೆ. ಕೈ ಬಹಳಷ್ಟು ನಿಂತಿದೆ. ನಾವು ಅಷ್ಟು ವರ್ಷ ಕದ್ದು ಕೊಟ್ಟದ್ದನ್ನು ಕೇಳಿ ಕೊಟ್ಟಿದ್ದರೂ ಅವನು ತೆಗೆದುಕೊಳ್ಳುತ್ತಿದ್ದನೇನೋ. ತೆಗೆದುಕೊಳ್ಳುತ್ತಿರಲಿಲ್ಲವೇನೋ. ಕೇಳಲಿಲ್ಲವಾದ್ದರಿಂದ ನನಗೆ ಅದು ಎಂದಿಗೂ ತಿಳಿಯುವುದಿಲ್ಲ. ಊಟಕ್ಕೆ ಮಾತ್ರ ಅವತ್ತಿನಿಂದ ಸ್ಟೇಷನ್ನಿನ ಹತ್ತಿರದ ಖಾನಾವಳಿಗೆ ಹೋಗುತ್ತಾನೆ. ಗುರುತಿಲ್ಲದವರು ಮಾಡಿದ್ದನ್ನು ಗುರುತಿಲ್ಲದವರ ನಡುವೆ ಕೂತು ಹೊಟ್ಟೆ ತುಂಬ ಉಂಡು ಬರುತ್ತಾನೆ. ಬಿಸಿಲಿನಲ್ಲಿ ಯಾಕೆ ಹೋಗುತ್ತಿ, ಮನೆಯಲ್ಲಿ ರೊಟ್ಟಿ ಇದೆ ಎಂದು ಕೆಲವು ದಿನ ಅಂದೆ. ನಡೆದಾಡಿದಂಗ ಆಗ್ತದವ್ವ ಎಂದು ನನಗೆ ನೋವಾಗದ ಹಾಗೆ ಹೇಳುತ್ತಾನೆ.

ಮೊನ್ನೆ ನನ್ನ ಮಗಳ ಕೂಸಿನ ತೊಟ್ಟಿಲು ಕಾರ್ಯ ಮನೆಯಲ್ಲೇ ಇತ್ತು. ಕಾಕಾ ಇಷ್ಟು ವರ್ಷದ ಮೇಲೆ ಕೂಸಿಗೆಂದು ಒಂದು ಪುಟ್ಟ ಅಂಗಿ ಹೊಲಿದಿದ್ದ. ಹೊಲಿಗೆ ಅಲ್ಲಲ್ಲಿ ಜಾರಿತ್ತು, ಕೊರಳು ಮಾತ್ರ ದುಂಡಗೆ ಕೂತಿತ್ತು. ಪಂಕ್ತಿಯಲ್ಲಿ ಅವನೂ ಕೂತ, ಎಲ್ಲರ ಜೊತೆ ನಗಾಡುತ್ತ. ನನಗೆ ಎಷ್ಟು ಸಂತೋಷವಾಯಿತೆಂದರೆ ಹೋಳಿಗೆಯ ಬುಟ್ಟಿಯನ್ನು ನಾನೇ ಎತ್ತಿಕೊಂಡೆ. ಒಬ್ಬೊಬ್ಬರಿಗೆ ಬಡಿಸುತ್ತ ಅವನ ಮುಂದೆ ಬಂದು ಬಾಗಿದೆ. ಕಾಕಾ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಆ ಕೈ ನಡುಗಲಿಲ್ಲ. ನನಗ ಸಾಕವ್ವ ಎಂದು ಮೆಲ್ಲಗೆ ಅಂದ. ನಾನು ಮುಖದಲ್ಲಿ ಏನೂ ತೋರಿಸದೆ ಮುಂದಿನ ಎಲೆಗೆ ಹೋದೆ. ನನ್ನ ಹಿಂದೆಯೇ ಇನ್ನೊಂದು ಬುಟ್ಟಿ ಹಿಡಿದು ಬರುತ್ತಿದ್ದವಳು ಬೀಗರ ಕಡೆಯ ಹೆಂಗಸು, ಕಾಕಾ ಅವಳನ್ನು ಕಂಡದ್ದು ಅವತ್ತೇ ಮೊದಲು. ಅವಳಿಗೆ ಅವನು ಹೇಳಿದ್ದು ನನ್ನ ಬೆನ್ನಿಗೆ ಕೇಳಿಸಿತು.

“ಎರಡು ಹಾಕವ್ವ. ತುಪ್ಪಾನೂ ಹಾಕು.”